ಭಯವೋ, ವಿವೇಕವೋ?

ಹಳ್ಳಿಯ ಜನರು ಯಾವುದಾದರೊಂದು ಹೊಸ ಯೋಜನೆಗೆ ಅಂಜಿದರೆ ಅದಕ್ಕೆ ‘ಅಜ್ಞಾನ’ವೆಂದು ಹೆಸರಿಡುವುದು ವಿದ್ಯಾವಂತರ ಹಳೆಯ ರೂಢಿ. ಈಚೆಗೆ ಆ ಹೆಸರನ್ನು ಸ್ವಲ್ಪ ಮೃದುಗೊಳಿಸಿ ‘ಸಾಂಸ್ಕೃತಿಕ ಗ್ರಹಿಕೆ’ ಎನ್ನಲಾಗುತ್ತಿದೆ. ಅರ್ಥವೇನೂ ಬದಲಾಗಿಲ್ಲ. ಅಪಾಯವನ್ನು ಅಳೆಯಬಲ್ಲವರು ತಜ್ಞರು, ಜನರದು ಬರೀ ಅನಿಸಿಕೆ, ಆ ಅನಿಸಿಕೆ ಅವರ ಮತ, ಆಚಾರ, ಕಟ್ಟುಕಥೆಗಳಿಂದ ಹುಟ್ಟಿದ್ದು, ಆದಕಾರಣ ಅದನ್ನು ತಿಳಿವಳಿಕೆ ಹೇಳಿ ತಿದ್ದಬೇಕು ಎಂಬುದೇ ಈ ವಾದದ ಸಾರ. ಕಾರ್ಖಾನೆಗಳು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಚಿಮಣಿಯಲ್ಲೇ ಹಿಡಿದು ನೆಲದಾಳದಲ್ಲಿ ಹೂಳಿಡುವ ವಿಚಾರವು ನಮ್ಮ ದೇಶದಲ್ಲಿ ಕಾಗದದಿಂದ ನೆಲಕ್ಕೆ ಇಳಿಯುತ್ತಿರುವ ಈ ಹೊತ್ತಿನಲ್ಲಿ ಇದೇ ವಾದ ಮತ್ತೆ ಕೇಳಿಬರುತ್ತಿದೆ. ಇದು ಅನ್ಯಾಯದ ವಾದವೆಂದು ನಾನು ಹೇಳಬಯಸುತ್ತೇನೆ. ಕೊಪ್ಪಳ, ಬಳ್ಳಾರಿ ಸೀಮೆಯ ಕ್ರೈಸ್ತ ಕುಟುಂಬಗಳು ಇದನ್ನು ಬೇರೆಯವರ ಜಗಳವೆಂದು ಬದಿಗಿಡಲಾಗದು.

ವಿಷಯ ನಮ್ಮ ಮನೆಬಾಗಿಲಿಗೆ ಹೇಗೆ ಬಂದಿತೆಂಬುದನ್ನು ಮೊದಲು ನೋಡೋಣ. ಕಬ್ಬಿಣದ ಅದಿರನ್ನು ಕಲ್ಲಿದ್ದಲಿನಿಂದ ಕರಗಿಸಿ ಉಕ್ಕು ಮಾಡುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟಲೇಬೇಕು. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಅನಿಲ ಹೊರಬೀಳುತ್ತದೆ. ತೋರಣಗಲ್ಲಿನಿಂದ ಗಿಣಿಗೇರಿಯವರೆಗೆ ನಮ್ಮ ಸೀಮೆಯ ಬದುಕೇ ಉಕ್ಕಿನ ಸುತ್ತ ಕಟ್ಟಿಕೊಂಡಿದೆ. 2026ರ ಜನವರಿಯಿಂದ ಯೂರೋಪಿನ ಒಕ್ಕೂಟವು ತನ್ನ ಗಡಿಯೊಳಗೆ ಬರುವ ಉಕ್ಕಿನ ಮೇಲೆ ಇಂಗಾಲದ ಸುಂಕವನ್ನು ಲೆಕ್ಕಹಾಕತೊಡಗಿದೆ. ನೀತಿ ಆಯೋಗವು 2022ರಲ್ಲೇ ಇಂಗಾಲವನ್ನು ಹಿಡಿದು ಬಳಸುವ ಮತ್ತು ಹೂಳುವ ಕುರಿತು ವರದಿ ಪ್ರಕಟಿಸಿತ್ತು. 2026ರ ಕೇಂದ್ರ ಮುಂಗಡಪತ್ರದಲ್ಲಿ ಇದಕ್ಕೆಂದೇ ಐದು ವರ್ಷಗಳಿಗೆ 20,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ಆದ್ದರಿಂದ ನಾಳೆ ಯಾವುದೇ ಉಕ್ಕಿನ ಕಾರ್ಖಾನೆಯವರು ನಮ್ಮೆದುರು ನಿಂತು, “ಹೊಗೆಯ ಚಿಂತೆ ಬಿಡಿ, ಹಿಡಿದು ಹೂಳುತ್ತೇವೆ” ಎಂದರೆ ಆಶ್ಚರ್ಯವಿಲ್ಲ.

ಎಲ್ಲಿ ಹೂಳುತ್ತಾರೆ? ಕೊಪ್ಪಳದ ನೆಲದಡಿ ಇರುವುದು ಬಹುಮಟ್ಟಿಗೆ ಕಣಶಿಲೆ. ಅದರೊಳಗೆ ಅನಿಲ ತುಂಬಿಡುವಷ್ಟು ಸೂಕ್ಷ್ಮರಂಧ್ರಗಳಿಲ್ಲ. ಆದರೆ ನಮಗಿಂತ ಬಡಗಣಕ್ಕೆ ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹೋದರೆ ದಖ್ಖನಿನ ಕಪ್ಪುಶಿಲೆಯ ಹಾಸು ಸಿಗುತ್ತದೆ. ಅಂಥದೇ ಶಿಲೆಯಲ್ಲಿ ಐಸ್‌ಲ್ಯಾಂಡಿನವರು 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಬಿಟ್ಟರು. ಎರಡು ವರ್ಷಗಳೊಳಗೆ ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಕಲ್ಲಾಗಿ ಹೋಯಿತು. ಇದು ನಿಜವಾಗಿಯೂ ಬೆರಗಿನ ಸಂಗತಿ, ಮತ್ತು ದಖ್ಖನಿನ ಶಿಲೆಯ ಮೇಲೆ ತಜ್ಞರ ಕಣ್ಣು ಬಿದ್ದಿರುವುದಕ್ಕೆ ಒಂದು ಕಾರಣ. ಹಿಡಿಯುವುದು ನಮ್ಮಲ್ಲಿ, ಹೂಳುವುದು ಇನ್ನೊಬ್ಬರ ಊರಿನಲ್ಲಿ, ನಡುವೆ ನೂರಾರು ಮೈಲಿ ಕೊಳವೆ ಎಂಬ ಚಿತ್ರವನ್ನು ಕಣ್ಣೆದುರು ಇಟ್ಟುಕೊಂಡು ಮುಂದಿನ ಮಾತನ್ನು ಓದಬೇಕು.

ಯಲಬುರ್ಗಾ ತಾಲೂಕಿನ ಬೇವೂರು ಸೀಮೆಯಲ್ಲಿ ಅರವತ್ತು ದಾಟಿದ ಯಾವ ರೈತನನ್ನಾದರೂ ‘ಹಗೇವು’ ಎಂದರೇನೆಂದು ಕೇಳಿ ನೋಡಿ. ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಕಣಿಕೆ ಹುಲ್ಲು ಒತ್ತಿ, ಬೇವಿನ ಸೊಪ್ಪು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುವ ನೆಲಗಣಜ ಅದು. (ಹೆಸರಿನಲ್ಲೇ ಬೇವನ್ನು ಹೊತ್ತ ಊರಿಗೆ ಸೊಪ್ಪಿನ ಬರವಿರಲಾರದು.) ಬರಗಾಲ ಬಿಟ್ಟೂಬಿಡದೆ ಕಾಡಿದ ಈ ನಾಡಿನಲ್ಲಿ ಹಗೇವು ಇದ್ದ ಮನೆ ಉಳಿದ ಮನೆ. ಒಳಗೆ ಕಾಳು ಉಸಿರಾಡುತ್ತದೆ. ಪ್ರಾಣವಾಯು ಮುಗಿದು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಅನಿಲದ ಹೆಸರು ಅವರಿಗೆ ತಿಳಿದಿರಲಿಲ್ಲ, ಅದರ ಗುಣ ಚೆನ್ನಾಗಿ ತಿಳಿದಿತ್ತು. ಗಾಳಿಗಿಂತ ಒಂದೂವರೆ ಪಾಲು ಭಾರವಾದ ಅದು ತಳದಲ್ಲಿ ಕಣ್ಣಿಗೆ ಕಾಣದೆ, ಮೂಗಿಗೆ ಬಡಿಯದೆ ನಿಂತಿರುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ.

ಹೀಗೆ ಸತ್ತವರ ನೆನಪು ಹಳೆಯ ಊರುಗಳಲ್ಲಿ ಇನ್ನೂ ಉಳಿದಿದೆ. ಆ ನೆನಪಿನಿಂದಲೇ ಒಂದು ಕಟ್ಟಳೆ ಹುಟ್ಟಿತು. ಚಪ್ಪಡಿ ಸರಿಸಿದ ಮೇಲೆ ಗಾಳಿಯಾಡಲು ಬಿಡಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ನಂದಿದರೆ ಇಳಿಯಕೂಡದು. ಇಳಿಯುವವನ ನಡುವಿಗೆ ಹಗ್ಗವಿರಬೇಕು, ಆ ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ನಂಬಿಕೆಯ ಮನುಷ್ಯನ ಕೈಯಲ್ಲಿರಬೇಕು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅಪಾಯವಿದೆಯೆಂದು ತಿಳಿದ ಜನ ಹಗೇವು ತೋಡುವುದನ್ನು ಬಿಟ್ಟುಬಿಡಲಿಲ್ಲ. ಅವರ ಭಯ ಅವರನ್ನು ಕೈಕಟ್ಟಿ ಕೂರಿಸಲಿಲ್ಲ, ಕಂದೀಲು ಹಿಡಿಯಲು ಕಲಿಸಿತು. ಇಂಥ ಜನರಿಗೆ ಇಂಗಾಲದ ಡೈಆಕ್ಸೈಡನ್ನು ಕುರಿತು ‘ತಿಳಿವಳಿಕೆ ಶಿಬಿರ’ ನಡೆಸಲು ಬರುವವರು ಮೊದಲು ಅವರ ಅಂಗಳದಲ್ಲಿ ಕುಳಿತು ಪಾಠ ಹೇಳಿಸಿಕೊಳ್ಳುವುದು ಮೇಲು.

ತಜ್ಞರು ಇದಕ್ಕೆ ಕೊಡುವ ಉತ್ತರವನ್ನೂ ನ್ಯಾಯವಾಗಿ ಹೇಳಬೇಕು. ಹಗೇವು ಆಳುದ್ದದ ಗುಂಡಿ, ಇಂಗಾಲ ಹೂಳುವುದು 800 ಮೀಟರಿಗಿಂತ ಆಳದಲ್ಲಿ. ಅಲ್ಲಿನ ಒತ್ತಡಕ್ಕೆ ಅನಿಲವು ದ್ರವದಷ್ಟು ಸಾಂದ್ರವಾಗುತ್ತದೆ. ಮೇಲೆ ಸೀಳಿಲ್ಲದ ಬಂಡೆಯ ಮುಚ್ಚಳವಿರುತ್ತದೆ. ಸ್ಥಳವನ್ನು ಸರಿಯಾಗಿ ಆರಿಸಿದರೆ ಸಾವಿರ ವರ್ಷಗಳಾದರೂ ನೂರಕ್ಕೆ 99 ಪಾಲಿಗಿಂತ ಹೆಚ್ಚು ಒಳಗೇ ಉಳಿಯುವ ಸಂಭವವಿದೆಯೆಂದು ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿ 2005ರಲ್ಲಿ ಹೇಳಿದೆ. ನಾರ್ವೆಯವರು ಸ್ಲೈಪ್ನರ್ ಎಂಬಲ್ಲಿ ಸಮುದ್ರದ ತಳದಡಿಗೆ 1996ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಇಳಿಸುತ್ತ ಬಂದರು, ಯಾವ ಅನಾಹುತವೂ ಆಗಲಿಲ್ಲ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದಿಂದ ಇದೇ ಅನಿಲ ಮೇಲೆದ್ದು ಕಣಿವೆಗೆ ಹರಿದು 1,700ಕ್ಕೂ ಹೆಚ್ಚು ಜನರನ್ನು ಮಲಗಿದಲ್ಲೇ ಕೊಂದದ್ದು ಪ್ರಕೃತಿಯ ಕೃತ್ಯ, ಅದನ್ನು ತೋರಿಸಿ ಹೂಳುವ ತಂತ್ರವನ್ನು ಹಳಿಯುವುದು ಸರಿಯಲ್ಲ. ಇವೆಲ್ಲವನ್ನೂ ಒಪ್ಪುತ್ತೇನೆ. ಬಂಡೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಬಂಡೆಯ ಮೇಲೆ ಕೂರುವ ಮನುಷ್ಯರ ಬಗ್ಗೆ. 2020ರ ಫೆಬ್ರವರಿ 22ರಂದು ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯ ಎಂಬ ಪುಟ್ಟ ಊರಿನ ಬಳಿ ಈ ಅನಿಲದ ಕೊಳವೆ ಒಡೆಯಿತು. ಭಾರೀ ಮಳೆಗೆ ಮಣ್ಣು ಜರಿದದ್ದು ಕಾರಣ. ವಾಹನಗಳ ಇಂಜಿನುಗಳು ಉಸಿರುಗಟ್ಟಿ ನಿಂತವು, ಸುಮಾರು ಇನ್ನೂರು ಜನ ಮನೆ ಬಿಡಬೇಕಾಯಿತು, 45 ಜನ ಆಸ್ಪತ್ರೆ ಸೇರಿದರು. ಆಳದ ಬಂಡೆ ಏನೂ ತಪ್ಪು ಮಾಡಿರಲಿಲ್ಲ. ಅಷ್ಟು ದೂರ ಏಕೆ ಹೋಗಬೇಕು? 2024ರ ಆಗಸ್ಟ್ 10ರ ರಾತ್ರಿ ನಮ್ಮದೇ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಸುಮಾರು ಎಪ್ಪತ್ತು ವರ್ಷದ ಕಬ್ಬಿಣ. ಕಟ್ಟೆಯ ಕಲ್ಲು ಗಟ್ಟಿಯಾಗಿತ್ತು, ಕೈಕೊಟ್ಟದ್ದು ಸರಪಳಿ. ಮುನಿರಾಬಾದಿನಿಂದ ಕೆಳಗಿನ ರೈತರು ಎರಡನೆಯ ಬೆಳೆಯ ಆಸೆ ಕೈಬಿಟ್ಟು ಆ ವಾರವಿಡೀ ಹರಿದುಹೋಗುವ ನೀರನ್ನು ನೋಡುತ್ತ ನಿಂತಿದ್ದರು. ಎಪ್ಪತ್ತು ವರ್ಷ ಒಂದು ಸರಪಳಿಯನ್ನು ಕಾಯುವುದೇ ಕಷ್ಟವಾದ ನಾಡಿನಲ್ಲಿ ಸಾವಿರ ವರ್ಷದ ಕಾವಲಿನ ಮಾತು ಕೇಳಿದ ರೈತ ಹುಬ್ಬೇರಿಸಿದರೆ, ಅದು ಯಾವ ಮೂಢನಂಬಿಕೆಯಿಂದ?

ಗುರುಮಠದಲ್ಲಿ ನೀತಿಶಾಸ್ತ್ರ ಓದಿದ ಯಾರಿಗೂ ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿದ ಬಗೆ ನೆನಪಿರುತ್ತದೆ. ವಿವೇಕದ ಅಂಗಗಳನ್ನು ಎಣಿಸುವಾಗ ಅವರು ಮೊತ್ತಮೊದಲು ಇಡುವುದು ನೆನಪನ್ನು. ಮುಂದೆ ನಡೆಯುವುದನ್ನು ಅಳೆಯಬೇಕಾದರೆ ಹಿಂದೆ ನಡೆದದ್ದು ಕೈಯಲ್ಲಿರಬೇಕು. ಅದೇ ಪಟ್ಟಿಯಲ್ಲಿ ಅವರು ಕಲಿಯುವ ವಿನಯವನ್ನೂ ಸೇರಿಸುತ್ತಾರೆ. ಎಷ್ಟೇ ಓದಿದವನಾದರೂ ಅನುಭವವುಳ್ಳ ಹಿರಿಯರ ಮಾತಿಗೆ ಕಿವಿಗೊಡಬೇಕೆಂಬುದು ಅದರ ತಾತ್ಪರ್ಯ. ಈ ಅಳತೆಗೋಲಿನಿಂದ ನೋಡಿದರೆ ಜನರ ‘ಸಾಂಸ್ಕೃತಿಕ ಗ್ರಹಿಕೆ’ ಎನ್ನಲಾಗುವುದು ವಿವೇಕದ ಅರ್ಧ ಭಾಗ, ಮತ್ತು ಅದನ್ನು ಕೇಳಿಸಿಕೊಳ್ಳದ ತಜ್ಞತೆಯಲ್ಲಿ ಕೊರತೆಯಿರುವುದು ವಿವೇಕದ್ದೇ.

ಇನ್ನು ಸಂಸ್ಕೃತಿಯ ಬಣ್ಣ ಹಳ್ಳಿಯವರ ಕಣ್ಣಿಗೆ ಮಾತ್ರ ಅಂಟಿದೆಯೆ? ಮೇರಿ ಡಗ್ಲಸ್ ಎಂಬ ಆಂಗ್ಲ ಮಾನವಶಾಸ್ತ್ರಜ್ಞೆ ಇದ್ದರು. ನಮ್ಮ ಧರ್ಮಸಭೆಯ ನಿಷ್ಠಾವಂತ ಮಗಳು. 1982ರಲ್ಲಿ ಆರನ್ ವಿಲ್ಡಾವ್ಸ್ಕಿ ಎಂಬುವರೊಡನೆ ಅಪಾಯ ಮತ್ತು ಸಂಸ್ಕೃತಿಯನ್ನು ಕುರಿತು ಒಂದು ಗ್ರಂಥ ಬರೆದರು. ಜಗತ್ತಿನಲ್ಲಿ ಅಪಾಯಗಳು ಲೆಕ್ಕವಿಲ್ಲದಷ್ಟು. ಎಲ್ಲಕ್ಕೂ ಹೆದರಲು ಯಾರಿಂದಲೂ ಆಗದು. ಯಾವುದಕ್ಕೆ ಹೆದರಬೇಕು, ಯಾವುದನ್ನು ಕಡೆಗಣಿಸಬೇಕು ಎಂಬುದನ್ನು ಪ್ರತಿಯೊಂದು ಸಮಾಜವೂ ತನ್ನ ಬದುಕಿನ ರೀತಿಗೆ ತಕ್ಕಂತೆ ಆರಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಆ ಗ್ರಂಥದ ಎಲ್ಲ ತೀರ್ಮಾನಗಳೂ ನನಗೆ ಒಪ್ಪಿಗೆಯಲ್ಲ. ಪರಿಸರವಾದಿಗಳನ್ನು ಅದು ತೀರ ಹಗುರವಾಗಿ ಕಂಡಿದೆ. ಆದರೆ ಈ ಮೂಲಮಾತು ಎಲ್ಲರಿಗೂ ಅನ್ವಯಿಸಬೇಕಲ್ಲವೆ? ಇಂಜಿನಿಯರಿಗೂ ಒಂದು ಕುಲವಿದೆ, ಒಂದು ಆಚಾರವಿದೆ. ಕಾಗದದ ಮೇಲೆ ಲೆಕ್ಕ ಸರಿಹೋದರೆ ನೆಲದ ಮೇಲೂ ಸರಿಹೋಗುತ್ತದೆಂಬುದು ಆ ಕುಲದ ನಂಬಿಕೆ. ಷೇರುದಾರನ ಪೂಜಾವಿಧಿಯಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಲಾಭದ ಪಟ್ಟಿಗೆ ಮಂಗಳಾರತಿ. ಹತ್ತು ವರ್ಷದಾಚೆಯ ಅಪಾಯ ಅವನ ಕಣ್ಣಿಗೆ ಬೀಳುವುದಿಲ್ಲ. ಇವರ ಗ್ರಹಿಕೆಯನ್ನು ಅಧ್ಯಯನ ಮಾಡಿ ತಿದ್ದಲು ಯಾರೂ ಹೊರಟಂತಿಲ್ಲ.

ಹಾಲೆಂಡಿನ ಬಾರೆಂಡ್ರೆಖ್ಟ್ ಎಂಬ ಪಟ್ಟಣದ ಕಥೆಯನ್ನು ತಜ್ಞರೇ ಉದಾಹರಿಸುವುದುಂಟು. ಅಲ್ಲಿ ಷೆಲ್ ಕಂಪನಿ ಬರಿದಾದ ಅನಿಲಬಾವಿಗಳಲ್ಲಿ ಇಂಗಾಲ ಹೂಳಲು ಹೊರಟಿತ್ತು. ಜನ ಒಪ್ಪಲಿಲ್ಲ, 2010ರ ನವೆಂಬರಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅವರು ಓದಿದ ಜನ, ಉಳ್ಳ ಜನ, ಯಾವ ಗ್ರಾಮದೇವತೆಯನ್ನೂ ಪೂಜಿಸುವವರಲ್ಲ. ಮತ್ತೇಕೆ ಬೇಡವೆಂದರು? ಅದಕ್ಕೆ ಮುಂಚೆಯೇ ಹೆದ್ದಾರಿ, ವೇಗದ ರೈಲು, ಸರಕು ರೈಲುಮಾರ್ಗಗಳೆಲ್ಲ ಆ ಊರಿನ ಮೈಮೇಲೆ ಹಾದುಹೋಗಿದ್ದವು. ಎಲ್ಲ ತೀರ್ಮಾನವಾದ ಮೇಲೆ ಕೇಳಲು ಬಂದವರೆದುರು ಅವರು ಇನ್ನು ಸಾಕೆಂದರು.

ಈ ‘ಇನ್ನು ಸಾಕು’ ಎಂಬ ಮಾತನ್ನು ಕೊಪ್ಪಳವೂ ಆಡಿದೆ. 2025ರ ಫೆಬ್ರವರಿ 24ರಂದು ಊರಿಗೂರೇ ಬಾಗಿಲು ಹಾಕಿ, ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಹಿಂದೆ ಸಾವಿರ ಸಾವಿರ ಜನ ನಡೆದರು. ಊರ ಮಗ್ಗುಲಲ್ಲೇ ಬಲ್ಡೋಟ ಸಮೂಹ 54,000 ಕೋಟಿ ರೂಪಾಯಿ ಹೂಡಿ ವರ್ಷಕ್ಕೆ 1 ಕೋಟಿ 5 ಲಕ್ಷ ಟನ್ ಉಕ್ಕು ತಯಾರಿಸುವ ಯೋಜನೆಯ ವಿರುದ್ಧ ಅದು ನಡೆಯಿತು. ಈ ಅಂಕಿಯನ್ನು ಮೊದಲು ಹೇಳಿದ ಸರಾಸರಿಯೊಡನೆ ಗುಣಿಸಿ ನೋಡಿ. ವರ್ಷಕ್ಕೆ ಎರಡೂವರೆ ಕೋಟಿ ಟನ್ನಿಗೂ ಮಿಕ್ಕ ಅನಿಲ. ನಾರ್ವೆ ವರ್ಷವಿಡೀ ಕಡಲಡಿ ಇಳಿಸಿದ ಮೊತ್ತದ ಇಪ್ಪತ್ತಾರು ಪಟ್ಟು. ಒಂದೇ ಒಂದು ಕಾರ್ಖಾನೆಯ ಲೆಕ್ಕವಿದು. “ಹಿಡಿದು ಹೂಳುತ್ತೇವೆ” ಎಂಬ ಭರವಸೆಯನ್ನು ತೂಗುವಾಗ ಈ ಗುಣಾಕಾರ ಮಕ್ಕಳ ಪಾಟಿಯ ಮೇಲೂ ಮಾಡಬಹುದಾದದ್ದು.

ಅದಕ್ಕಿಂತ ಹತ್ತಿರದ ಮಾತೊಂದಿದೆ. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಹೊಲದ ಎಲೆಯ ಮೇಲೆ, ಮಗುವಿನ ಎದೆಯೊಳಗೆ ಕೂರುವುದು ಕರಿಧೂಳು. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ಅದು ಯಾರ ಬಟ್ಟೆಯನ್ನೂ ಕೊಳೆ ಮಾಡುವುದಿಲ್ಲ. ಅದನ್ನು ಹಿಡಿಯುವ ಯಂತ್ರ ಕೂರಿಸಿದ ಮಾತ್ರಕ್ಕೆ ಅದಿರಿನ ರಾಶಿಯಿಂದ, ಲಾರಿಗಳ ಸಾಲಿನಿಂದ ಏಳುವ ಧೂಳು ನಿಲ್ಲುವುದಿಲ್ಲ. ಭೂಮಿಯ ಹವೆಯನ್ನು ಉಳಿಸುವ ಪುಣ್ಯಕಾರ್ಯದ ಹೆಸರಿನಲ್ಲಿ ಊರಿನ ಧೂಳಿಗೆ ಪರವಾನಗಿ ಸಿಕ್ಕರೆ, ಕೆಮ್ಮುವವರು ಯಾರೆಂದು ಹೇಳಬೇಕಾಗಿಲ್ಲ.

ಹಾಗೆಂದು ನಮ್ಮವರ ಎಲ್ಲ ಮಾತಿಗೂ ನಾನು ತಲೆದೂಗಲಾರೆ. “ಭೂತಾಯಿಯ ಒಡಲು ಬಗೆಯಬಾರದು” ಎನ್ನುವವರಿದ್ದಾರೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲುವ ಕೈಯ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಒಡಲಿಗೆ ನಾವು ಎಷ್ಟು ಕೊಳವೆಬಾವಿ ಇಳಿಸಿದ್ದೇವೆ? ಕುಷ್ಟಗಿಯ ಗುಡ್ಡಗಳನ್ನು ಕಲ್ಲಿನ ಹಾಸಾಗಿ ಕೊಯ್ದು ಮಾರಿದವರು ಯಾರು? ನೀರು ಬಾರದ ಬಾವಿಯ ಬಾಯಿ ಮುಚ್ಚದೆ ಬಿಟ್ಟು, ಅದರೊಳಗೆ ಬಿದ್ದ ಕೂಸುಗಳಿಗಾಗಿ ನಾಡೆಲ್ಲ ಪ್ರಾರ್ಥಿಸಿದ್ದೂ ಉಂಟು. ಬಾಗಲಕೋಟೆಯ ಸೂಳಿಕೇರಿಯಲ್ಲಿ 2014ರಲ್ಲಿ, ಅಥಣಿಯ ಝುಂಜರವಾಡದಲ್ಲಿ 2017ರಲ್ಲಿ. ತೋಡಿದ್ದನ್ನು ಮುಚ್ಚದ ಸಂಸ್ಕೃತಿ ನಮ್ಮದೇ. ಹೂಳುವ ಕಂಪನಿಯನ್ನು ಪ್ರಶ್ನಿಸುವಾಗ ನಮ್ಮ ಕೈಗಂಟಿದ ಮಣ್ಣನ್ನೂ ನೋಡಿಕೊಳ್ಳಬೇಕು. ಹವಾಮಾನ ಬಿಗಡಾಯಿಸುತ್ತಿರುವುದೂ ಸುಳ್ಳಲ್ಲ, ಮಳೆ ಮುನಿಸಿಕೊಂಡಾಗ ಮೊದಲು ಬೇಯುವುದು ಯಲಬುರ್ಗಾ, ಕುಷ್ಟಗಿಯಂಥ ಒಣಸೀಮೆ. ಇಂಗಾಲ ಹೂಳುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಹಗ್ಗ ಯಾರ ಕೈಯಲ್ಲಿದೆಯೆಂದು ಕೇಳುತ್ತಿದ್ದೇನೆ. ಯೂರೋಪಿನಲ್ಲಿ 2009ರ ಕಟ್ಟಳೆಯ ಪ್ರಕಾರ ಬಾವಿ ಮುಚ್ಚಿದ ಮೇಲೂ ಸಾಮಾನ್ಯವಾಗಿ ಕನಿಷ್ಠ ಇಪ್ಪತ್ತು ವರ್ಷ ಕಂಪನಿಯೇ ಹೊಣೆ ಹೊರಬೇಕು, ಆಮೇಲಷ್ಟೇ ಅದು ಸರ್ಕಾರದ ಪಾಲಿಗೆ ಬರುತ್ತದೆ. ನಮ್ಮಲ್ಲಿ ಇದಕ್ಕೆಂದೇ ಒಂದು ಕಾಯಿದೆ ಇಲ್ಲ. 1984ರ ಭೋಪಾಲವನ್ನು ಕಂಡ ದೇಶದಲ್ಲಿ ಹೊಣೆಯ ಪ್ರಶ್ನೆಯನ್ನು ಕಡೆಗೆ ಕೇಳೋಣವೆನ್ನುವುದು ಕ್ರೂರ ಮರೆವು.

ಪವಿತ್ರ ಗ್ರಂಥದಲ್ಲಿ ಸಂಗ್ರಹಣೆಯ ದೊಡ್ಡ ಕಥೆಯೆಂದರೆ ಜೋಸೆಫನದು. ಏಳು ಸುಭಿಕ್ಷದ ವರ್ಷಗಳಲ್ಲಿ ಐದನೆಯ ಒಂದು ಪಾಲು ಧಾನ್ಯವನ್ನು ಕೂಡಿಟ್ಟು ಈಜಿಪ್ಟನ್ನು ಬರದಿಂದ ಉಳಿಸಿದವನು. ಜ್ಞಾನೋಪದೇಶದ ತರಗತಿಯಲ್ಲಿ ನಾವು ಕಥೆಯನ್ನು ಅಲ್ಲಿಗೆ ನಿಲ್ಲಿಸುತ್ತೇವೆ. ಆದಿಕಾಂಡ 47ನೆಯ ಅಧ್ಯಾಯಕ್ಕೆ ಹೋಗುವವರು ಕಡಿಮೆ. ಬರ ಮುಂದುವರಿದಂತೆ ಜನ ಮೊದಲು ಹಣ ಕೊಟ್ಟು ಕಾಳು ಕೊಂಡರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಬರೆದುಕೊಟ್ಟರು. ಕಣಜ ಜನರ ಪ್ರಾಣ ಉಳಿಸಿತು, ಕಣಜದ ಕೀಲಿಕೈ ಅವರ ಭೂಮಿಯನ್ನು ನುಂಗಿತು. ಅದೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ವಿವರವಿದೆ. ಯಾಜಕರ ಭೂಮಿ ಮಾತ್ರ ಫರೋಹನ ಪಾಲಾಗಲಿಲ್ಲ. ಏಕೆಂದರೆ ಅವರಿಗೆ ಫರೋಹನಿಂದ ಪಡಿ ಗೊತ್ತಾಗಿತ್ತು. ಆ ಯಾಜಕರು ಜನರ ಪರವಾಗಿ ಏನಾದರೂ ಮಾತಾಡಿದರೆಂದು ಗ್ರಂಥದಲ್ಲಿ ಬರೆದಿಲ್ಲ.

ಈ ವಾಕ್ಯಗಳು ನನ್ನಂಥವರಿಗೆ ಚುಚ್ಚಬೇಕು. ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ ಶಾಲೆಗೆ ಗೋಡೆ, ಆಸ್ಪತ್ರೆಗೆ ವಾಹನ, ಊರಿಗೆ ನೀರಿನ ಘಟಕ ಬರುತ್ತವೆ. ಮಠಕ್ಕೂ ಬರಬಹುದು, ಮಸೀದಿಗೂ ಬರಬಹುದು, ಚರ್ಚಿಗೂ ಬರಬಹುದು. ಹಾಗೆ ಪಡಿ ಪಡೆದ ಸಂಸ್ಥೆ ಕಾರ್ಖಾನೆಯ ವಿಚಾರ ಬಂದಾಗ ‘ನಾವು ರಾಜಕೀಯಕ್ಕೆ ಇಳಿಯುವುದಿಲ್ಲ’ ಎನ್ನತೊಡಗಿದರೆ ಅದನ್ನು ಧರ್ಮಶ್ರದ್ಧೆಯೆಂದು ಯಾರೂ ನಂಬಬೇಕಾಗಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಇಂಥ ಯೋಜನೆಗಳ ಚರ್ಚೆಯ ಮೇಜಿನಲ್ಲಿ ಸ್ಥಳೀಯ ನಿವಾಸಿಗಳಿಗೆ ವಿಶೇಷ ಸ್ಥಾನವಿರಬೇಕೆಂದು ವಿಧಿಸಿದ್ದಾರೆ. 2023ರ ‘ಲೌದಾತೆ ದೇಯುಮ್’ ಪತ್ರದಲ್ಲಿ, ಮುಂದಿನ ಸಂಕಷ್ಟಗಳನ್ನೆಲ್ಲ ಹೊಸ ತಂತ್ರಜ್ಞಾನವೇ ನೀಗಿಸುತ್ತದೆಂಬ ಭರವಸೆಯನ್ನು ಬಹಳ ಕಟುವಾಗಿ ಖಂಡಿಸಿದ್ದಾರೆ. ಇವು ನಮ್ಮ ಗ್ರಂಥಾಲಯದ ಕಪಾಟಿನಲ್ಲಿವೆ.

ಮಗ ಗಿಣಿಗೇರಿಯಲ್ಲೋ ತೋರಣಗಲ್ಲಿನಲ್ಲೋ ಪಾಳಿ ಕೆಲಸಕ್ಕೆ ಹೋಗುವ ಮನೆಯವರು ಇದನ್ನೋದಿ ಮುಜುಗರಪಡುವುದು ಸಹಜ. ಆ ಸಂಬಳದಿಂದ ಒಲೆ ಉರಿಯುತ್ತಿದೆ. ಕಾರ್ಖಾನೆಗೆ ಶಾಪ ಹಾಕಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಕಾರ್ಖಾನೆಯ ಒಳಗೆ ಅಪಾಯದ ಮೊದಲ ಉಸಿರೆಳೆಯುವವನು ಆ ಮಗನೇ. ಸುರಕ್ಷತೆಯ ಪ್ರಶ್ನೆ ಕೇಳುವ ನೆರೆಯವನು ಅವನ ಅನ್ನಕ್ಕೆ ಕಲ್ಲು ಹಾಕುವವನಲ್ಲ, ಅವನ ನಡುವಿನ ಹಗ್ಗ ಹಿಡಿದವನು.

ಕೇಳಲು ಒಂದು ಜಾಗವನ್ನು ಕಾನೂನೇ ಕೊಟ್ಟಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಉಕ್ಕಿನ ಕಾರ್ಖಾನೆ ಬರುವ ಮುನ್ನ ಸ್ಥಳದಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ ಮೂವತ್ತು ದಿನ ಮುಂಚಿತವಾಗಿ ಸೂಚನೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ದೊರೆಯಬೇಕು. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ನಿಯಮವಿಲ್ಲ, ಅಂದರೆ ಹತ್ತೇ ಜನ ಬಂದರೂ ಸಭೆ ನಡೆಯಿತೆಂದೇ ದಾಖಲಾಗುತ್ತದೆ. ಕಾರ್ಖಾನೆಯವರು ಇಂಗಾಲ ಹಿಡಿಯುವ ಮಾತೆತ್ತಿದರೆ ಎಷ್ಟು ಟನ್ನು, ಯಾವ ವರ್ಷದಿಂದ, ಕೊಳವೆ ಯಾರ ಹೊಲದಲ್ಲಿ, ಒಡೆದರೆ ಮೊದಲ ಕರೆ ಯಾರಿಗೆ, ಕಂಪನಿ ಮಾರಾಟವಾದರೆ ಹೊಣೆ ಯಾರದು ಎಂದು ಕೇಳಬಹುದು. ಜನ ಎತ್ತಿದ ಪ್ರಶ್ನೆಗಳನ್ನೂ ಅವಕ್ಕೆ ಕಂಪನಿ ಕೊಟ್ಟ ಉತ್ತರಗಳನ್ನೂ ಸಭೆಯ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅನಂತರವೇ ಅಧಿಕಾರಿ ಸಹಿ ಹಾಕಬೇಕು. ಸಾಮಾನ್ಯವಾಗಿ ಆ ಹೊತ್ತಿಗೆ ಊಟದ ವೇಳೆಯಾಗಿ ಜನ ಎದ್ದುಹೋಗಿರುತ್ತಾರೆ. ನಮ್ಮ ಧರ್ಮಕೇಂದ್ರದವರು ಊಟದ ಬುತ್ತಿ ಕಟ್ಟಿಕೊಂಡೇ ಬರಲಿ, ಆ ಓದು ಮುಗಿಯುವವರೆಗೆ ಕುಳಿತಿರಲಿ.